ಹಗುರಾದ ಗ್ರಾತಾಂ

ನಮ್ಮ ಅನೇಕ ಗೃಹಗಳ ಅಡುಗೆಮನೆಗೆ ಓವನ್ ಬಂದು ನೆಲೆಸಿದೆ. ಅದರೊಡನೆ ಹಾಲು, ಚೀಸು ಬೆರೆತು ಬೆಂದ ಆಲೂಗಡ್ಡೆಯೂ ಬಂದಿದೆ. ಮೊಮ್ಮಕ್ಕಳು ಮೆಚ್ಚುವ ಈ ಪದಾರ್ಥವನ್ನು, ಜಿಡ್ಡು ತಗ್ಗಿಸಿರೆಂದು ವೈದ್ಯರಿಂದ ಹೇಳಿಸಿಕೊಂಡ ನಮ್ಮಂಥವರ ತಟ್ಟೆಗೂ ಬಡಿಸಬಹುದೇ ಎಂದು ನಮ್ಮ ಸೊಸೆ ಕೇಳಿದಳು. ಮಠದಲ್ಲಿ ವ್ಯಾಕರಣ ಓದಿದ ನಾವು ಪದಾರ್ಥಕ್ಕೆ ಮೊದಲು ಪದವನ್ನೇ ವಿಚಾರಿಸಿದೆವು.

ಗ್ರಾತಾಂ ಎಂಬುದು ‘ಕೆರೆಯುವುದು’ ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದುದು. ಪಾತ್ರೆಗೆ ಅಂಟಿದ ಕೆಂಪು ಪದರವನ್ನು ಕೆರೆದು ತಿನ್ನುವ ಆಸೆ ಎಲ್ಲ ದೇಶದ ಮಕ್ಕಳಿಗೂ ಒಂದೇ ಎಂದು ತೋರುತ್ತದೆ! ಫ್ರಾನ್ಸಿನ ಆಗ್ನೇಯ ಭಾಗದ ದೋಫಿನೆ ಪ್ರಾಂತ ಇದರ ತವರು. 1788ರ ಜುಲೈ 12ರಂದು ಗಾಪ್ ಪಟ್ಟಣದ ಅಧಿಕಾರಿಗಳಿಗೆ ಕ್ಲೆರ್ಮೋಂ-ತೊನ್ನೇರ್ ಡ್ಯೂಕನು ನೀಡಿದ ಭೋಜನದಲ್ಲಿ ಇದರ ಉಲ್ಲೇಖವಿದೆ. ಅಲ್ಲಿಯ ಸಂಪ್ರದಾಯಸ್ಥರು ಇದಕ್ಕೆ ಚೀಸನ್ನೇ ಹಾಕರು. ಹಾಕುವವರು ನೆರೆಯ ಸವೊಯ್ ಪ್ರಾಂತದವರು. ಅವರು ಹಾಲಿಗೆ ಬದಲಾಗಿ ಮಾಂಸದ ಸಾರನ್ನು ಸುರಿಯುವುದುಂಟು. ಪುಸ್ತಕ ನೋಡಿ ಮಾಡುವ ತಾಯಂದಿರು ಇದನ್ನು ಗಮನಿಸಬೇಕು.

ಭಾರವೆಲ್ಲ ಇರುವುದು ಕೆನೆಯಲ್ಲಿ. ದಪ್ಪ ಕೆನೆಯಲ್ಲಿ ಕೊಬ್ಬು ನೂರಕ್ಕೆ ಸುಮಾರು 35 ಪಾಲು. ಟೋನ್ಡ್ ಹಾಲಿನಲ್ಲಿ 3. ಕೆನೆಯನ್ನು ಪೂರ್ತಿ ಬಿಟ್ಟರೆ ಗಟ್ಟಿತನ ಎಲ್ಲಿಂದ ಬರಬೇಕು? ಆಲೂಗಡ್ಡೆಯ ಪಿಷ್ಟದಿಂದಲೇ. ಆದ್ದರಿಂದ ಹೆಚ್ಚಿದ ಬಿಲ್ಲೆಗಳನ್ನು ತೊಳೆಯಲೇಬಾರದು. ಇದರ ಮರ್ಮ ಇಷ್ಟೇ. ನಾಲ್ವರಿಗೆ ಮುಕ್ಕಾಲು ಕಿಲೋ ಆಲೂಗಡ್ಡೆಯನ್ನು 3 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ, ಅರ್ಧ ಲೀಟರ್ ಹಾಲಿನಲ್ಲಿ ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಚಿಟಿಕೆ ಜಾಯಿಕಾಯಿ ಪುಡಿಯೊಡನೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಬೇಕು. ಹಾಲು ಮಂದವಾದೊಡನೆ ಅಗಲವಾದ ಪಾತ್ರೆಗೆ ಸುರಿದು 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಡಬೇಕು. ಚೀಸು 40 ಗ್ರಾಂ ಸಾಕು; ಅದೂ ಕೊನೆಯ ಹದಿನೈದು ನಿಮಿಷವಿರುವಾಗ, ಮೇಲ್ಭಾಗಕ್ಕೆ ಮಾತ್ರ. ಒಳಗೆ ಬೆರೆಸಿದ ಚೀಸು ನಾಲಿಗೆಗೆ ತಿಳಿಯದೆ ಹೊಟ್ಟೆ ಸೇರುತ್ತದೆ.

ಚೀಸಿನ ವಿಷಯದಲ್ಲಿ ಕೊಬ್ಬಿಗಿಂತ ಮುಖ್ಯವಾದ ಮಾತೊಂದಿದೆ. ಹಾಲನ್ನು ಹೆಪ್ಪುಗಟ್ಟಿಸಲು ಬಳಸುವ ರೆನೆಟ್ ಎಂಬ ದ್ರವ್ಯವನ್ನು ಹಿಂದಿನಿಂದಲೂ ಎಳೆಗರುವಿನ ಜಠರದಿಂದ ತೆಗೆಯುತ್ತ ಬಂದಿದ್ದಾರೆ. ಇಟಲಿಯ ಅಸಲಿ ಪಾರ್ಮೆಸಾನ್, ಸ್ವಿಟ್ಜರ್ಲೆಂಡಿನ ಗ್ರೂಯೇರ್ ಇಂದಿಗೂ ಹಾಗೆಯೇ ತಯಾರಾಗುತ್ತವೆ. ಶಾಕಾಹಾರವೆಂದು ನಂಬಿ ಇವನ್ನು ತರುವ ಮನೆಗಳನ್ನು ನಾವು ಕಂಡಿದ್ದೇವೆ. ಸೂಕ್ಷ್ಮಾಣುಗಳಿಂದ ಪಡೆದ ರೆನೆಟ್ಟಿನ ಚೀಸು ನಮ್ಮ ದೇಶದಲ್ಲೇ ದೊರೆಯುತ್ತದೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ಕೊಳ್ಳಿರಿ. ಬಲಿತ ಚೆಡ್ಡಾರ್ ಆದರೆ ಆ 40 ಗ್ರಾಮಿನಲ್ಲೇ ರುಚಿ ಸಾಕಷ್ಟು ಬರುತ್ತದೆ.