ಕತ್ತಿಗೆ ಹತ್ತಿದ ತಾಮ್ರ

ನಮ್ಮ ವಾಮದಪದವು ಕಡೆಯವರಿಗೆ ಕೆಮಿಸ್ಟ್ರಿಯ ಮೊದಲ ಲ್ಯಾಬ್ ಅಂದ್ರೆ ಅಡಿಕೆ ತೋಟ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಗೊನೆಗೆ ಮದ್ದು ಬಿಡಲೇಬೇಕು. ಇಲ್ಲದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಉದುರುತ್ತದೆ. ನಮ್ಮಲ್ಲಿ ಎಷ್ಟೋ ಜನರ ಕಾಲೇಜು ಫೀಸೂ ಅದರ ಜೊತೆಗೇ ಉದುರಿದ ಹಾಗೆ.

ಮದ್ದು ಎಂದರೆ ಬೋರ್ಡೋ ದ್ರಾವಣ. ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗವನ್ನು ಅಧ್ಯಯನ ಮಾಡಿ, ಅಡಿಕೆಗೆ ಇದನ್ನು ಸಿಂಪಡಿಸುವ ದಾರಿ ತೋರಿಸಿದರು. ಅಳತೆ ನಮಗೆಲ್ಲ ಬಾಯಿಪಾಠ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು.

ಹದ ಸರಿಯಾಯಿತಾ ಅಂತ ನೋಡಲು ಹಿರಿಯರು ಉಜ್ಜಿದ ಕತ್ತಿಯನ್ನು ದ್ರಾವಣಕ್ಕೆ ಅದ್ದುತ್ತಾರೆ. ಅಲಗು ಕೆಂಪಗಾದರೆ ಸುಣ್ಣ ಸಾಲದು. ಹಾಗೇ ಬಿಟ್ಟರೆ ಕಾಯಿ ಸುಡುತ್ತದೆ.

ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆಯುವ ಪರಮಾಣು ರಚನೆ ಇಲ್ಲಿ ಕಣ್ಣಿಗೇ ಕಾಣುತ್ತದೆ. ತಾಮ್ರದ ನ್ಯೂಕ್ಲಿಯಸ್ಸಿನಲ್ಲಿ 29 ಪ್ರೋಟಾನ್. ಮೈಲುತುತ್ತಿನಲ್ಲಿರುವಾಗ ಅದರ ಸುತ್ತ ಇರುವುದು 27 ಎಲೆಕ್ಟ್ರಾನ್ ಮಾತ್ರ. ಕತ್ತಿಯ ಕಬ್ಬಿಣ ತನ್ನ ಎರಡು ಎಲೆಕ್ಟ್ರಾನ್ ಕೊಟ್ಟು ತಾನು ನೀರಿಗಿಳಿಯುತ್ತದೆ. ತಾಮ್ರ ಲೋಹವಾಗಿ ಅಲಗಿಗೆ ಹತ್ತುತ್ತದೆ. ನೀಲಿಗೂ ಕೆಂಪಿಗೂ ಇರುವ ಅಂತರ ಎರಡೇ ಎಲೆಕ್ಟ್ರಾನ್. ಸುಣ್ಣ ಸಾಕಷ್ಟು ಬಿದ್ದರೆ ತಾಮ್ರ ನೀರಲ್ಲಿ ಕರಗದ ರೂಪಕ್ಕೆ ಬರುತ್ತದೆ, ಕತ್ತಿ ಬೆಳ್ಳಗೇ ಉಳಿಯುತ್ತದೆ.

ಇಷ್ಟೆಲ್ಲ ಆದರೂ ಆ 29 ಪ್ರೋಟಾನನ್ನು ಯಾರೂ ಮುಟ್ಟಲಿಲ್ಲ. ಕೆಮಿಸ್ಟ್ರಿಯ ಆಟವೆಲ್ಲ ಹೊರಗಿನ ಎಲೆಕ್ಟ್ರಾನುಗಳದ್ದು. ತಾಮ್ರ ಏನಾದರೂ ತಾಮ್ರವೇ.

ನಮಗೆ ಯೋಚನೆ ಶುರುವಾಗುವುದು ಇಲ್ಲಿಂದ. ಬೇರೆ ಕೀಟನಾಶಕಗಳ ದೊಡ್ಡ ಅಣುಗಳನ್ನು ಬಿಸಿಲೋ ಸೂಕ್ಷ್ಮಜೀವಿಯೋ ಒಡೆಯಬಹುದು. ತಾಮ್ರದ ಪರಮಾಣುವನ್ನು ಒಡೆಯುವ ಸೂಕ್ಷ್ಮಜೀವಿ ಇಲ್ಲ. 1 ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ. ಗೊನೆಯಿಂದ ಮಳೆಗೆ ತೊಳೆದದ್ದು ಬುಡದ ಮಣ್ಣು ಸೇರಿ, ಹೆಚ್ಚಿನಂಶ ಅಲ್ಲೇ ಕೂರುತ್ತದೆ. ಅಜ್ಜನ ಕಾಲದಲ್ಲಿ ಬಿಟ್ಟದ್ದೂ ಅಲ್ಲಿರಬಹುದು. ಗಿಡಕ್ಕೆ ಚೂರು ತಾಮ್ರ ಬೇಕು, ನಿಜ. ಅತಿಯಾದರೆ ಎರೆಹುಳಕ್ಕೂ ಮಣ್ಣಿನ ಜೀವಿಗಳಿಗೂ ವಿಷ.

ಹಾಗಂತ ಮದ್ದು ನಿಲ್ಲಿಸಿ ಅಂತ ಮನೆಯಲ್ಲಿ ಹೇಳುವ ಧೈರ್ಯ ನಮಗಿಲ್ಲ, ಹೇಳುವುದು ಸರಿಯೂ ಅಲ್ಲ. ಅಳತೆ ಮೀರದಂತೆ ನೋಡಿಕೊಳ್ಳಬಹುದು. ಮಣ್ಣು ಪರೀಕ್ಷೆಗೆ ಕೊಡುವಾಗ ಸಾರಜನಕ, ರಂಜಕ, ಪೊಟ್ಯಾಶ್ ಜೊತೆಗೆ "ತಾಮ್ರವನ್ನೂ ನೋಡಿ" ಅಂತ ಒಂದು ಮಾತು ಸೇರಿಸಬಹುದು. ಅಷ್ಟು ಕೆಮಿಸ್ಟ್ರಿ ನಮಗೆ ಗೊತ್ತಿದೆಯಲ್ಲ.