ಆ ಮದುವೆ ನೆನಪಿದೆಯಾ?

ಇವತ್ತು ವಸ್ತಾರೆಯ ಹೋಟೆಲಲ್ಲಿ ಯಾರೋ ಮೊಬೈಲಲ್ಲಿ ಸಿರಿವಂತರ ಮದುವೆ ನೋಡ್ತಿದ್ರು. ಪಕ್ಕದಲ್ಲಿದ್ದ ಅಜ್ಜಿ, "ಅವರ ದುಡ್ಡು, ಅವರು ಖರ್ಚು ಮಾಡ್ತಾರೆ, ಬಿಡು ಮಗ" ಅಂದ್ರು. ನನಗೆ ಬಿಡೋಕಾಗ್ಲಿಲ್ಲ, ಹಳೇ ಮದುವೆಯೊಂದು ನೆನಪಾಯ್ತು.

2016ರ ನವೆಂಬರ್ 16, ಬೆಂಗಳೂರು ಅರಮನೆ ಮೈದಾನ, ಗಣಿ ಉದ್ಯಮಿ ಜನಾರ್ದನ ರೆಡ್ಡಿಯವರ ಮಗಳ ಮದುವೆ. ಪೆಟ್ಟಿಗೆ ತೆರೆದರೆ ವಿಡಿಯೋ ಓಡುವ ಆಮಂತ್ರಣ. ಖರ್ಚು 500 ಕೋಟಿ ಅಂತ ಸುದ್ದಿ. ನೋಟು ರದ್ದಾಗಿ ಆಗಿನ್ನೂ ಎಂಟೇ ದಿನ! ನಮ್ಮ ಕಡೆ ಅರೇಬಿಕಾ ಕಾಫಿ ಹಣ್ಣು ಕೊಯ್ಯೋ ಕಾಲ. ಉಳಿತಾಯ ಖಾತೆಯಿಂದ ವಾರಕ್ಕೆ 24,000 ರೂಪಾಯಿ ಮಾತ್ರ ತೆಗೆಯಬಹುದಿತ್ತು. ಅಷ್ಟರಲ್ಲಿ ತೋಟದ ಬಟವಾಡೆ ಎಲ್ಲಿಂದ ಮಾಡೋದು? ಕೂಲಿಯವರು ಸಂತೆಗೆ ಏನು ಹಿಡ್ಕೊಂಡು ಹೋಗೋದು?

ಹೀಗೆ ಕೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ ಕೆಲವರು. ಅಲ್ಲ, ಇದು ನ್ಯಾಯವಾದ ಸಿಟ್ಟು. ಆಗ ನಿಮ್ಮೂರಲ್ಲಿ ಜನ ಏನಂದ್ರು? ಬರೀರಿ.