ಸೀಮೆಯ ಕಾರು, ಸ್ವದೇಶಿ ಕಾರು: ಜೆ. ಸಿ. ರಸ್ತೆಯ ತೀರ್ಪು

ಬೆಂಗಳೂರಿನ ಪುರಭವನವನ್ನು ಹಿಂದೆ ಬಿಟ್ಟು, ರವೀಂದ್ರ ಕಲಾಕ್ಷೇತ್ರವನ್ನು ಹಾದು, ಮಿನರ್ವ ವೃತ್ತದ ಕಡೆಗೆ ಹೆಜ್ಜೆಹಾಕುವ ಪ್ರವಾಸಿಗೆ ಶಿಲ್ಪವೈಭವವಾಗಲಿ ಉದ್ಯಾನದ ತಂಪಾಗಲಿ ದೊರೆಯುವುದಿಲ್ಲ. ಅಲ್ಲಿ ಕಾಣುವುದು ಕಬ್ಬಿಣ, ರಬ್ಬರು, ರೆಕ್ಸಿನ್ ಮತ್ತು ಗಾಜು. ಅಂಗಡಿಗಳ ಮುಂದೆ ತೋರಣದಂತೆ ತೂಗುವ ಸೀಟಿನ ಗವಸುಗಳು, ಒಳಗೆ ಸೂರು ಮುಟ್ಟುವಂತೆ ಪೇರಿಸಿಟ್ಟ ರಟ್ಟಿನ ಪೆಟ್ಟಿಗೆಗಳು, ಬೆಳಕು ಸಾಲದ ಮೂಲೆಯಿಂದ ಹೊರಡುವ ಗ್ರೀಸಿನ ವಾಸನೆ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತ ಈ ಬೀದಿಯನ್ನು ಊರಿನವರು ಚುಟುಕಾಗಿ ಜೆ. ಸಿ. ರಸ್ತೆ ಎನ್ನುತ್ತಾರೆ. ಚಿಕ್ಕಪೇಟೆಗೆ ಸೀರೆ ಹೇಗೋ, ಹಲವು ದಶಕಗಳಿಂದ ಈ ರಸ್ತೆಗೆ ಮೋಟಾರಿನ ಬಿಡಿಭಾಗ ಹಾಗೆ.

ಕಾರು ಇಟ್ಟವರಲ್ಲಿ ಎಂದೂ ಮುಗಿಯದ ವಾದವೊಂದುಂಟು. ನಂಬಬೇಕಾದದ್ದು ಸೀಮೆಯಿಂದ ಬಂದ ಕಾರನ್ನೋ, ನಮ್ಮ ದೇಶದಲ್ಲೇ ತಯಾರಾದ ಕಾರನ್ನೋ? ಮದುವೆಯ ಮನೆಗಳಲ್ಲಿ, ಕ್ಲಬ್ಬಿನ ಜಗುಲಿಗಳಲ್ಲಿ ಈ ವಾದ ಎಷ್ಟು ಸಲ ನಡೆದಿದೆಯೋ ಲೆಕ್ಕವಿಲ್ಲ. ಆದರೆ ಅದರ ಸಾಕ್ಷ್ಯಗಳೆಲ್ಲ ಕೂಡಿಬಿದ್ದಿರುವುದು ಈ ಬೀದಿಯಲ್ಲಿ. ಕೆಟ್ಟ ಕಾರು ಯಾವ ದೇಶದ್ದೇ ಆಗಿರಲಿ, ಅದರ ಮಾಲೀಕ ಒಂದಲ್ಲ ಒಂದು ದಿನ ಮುರಿದ ಭಾಗವನ್ನು ಕಾಗದದಲ್ಲಿ ಸುತ್ತಿಕೊಂಡು ಇಲ್ಲಿಗೆ ಬರಲೇಬೇಕಾಗಿತ್ತು.

ಈ ವಾದದ ಬೇರು ಸ್ವಾತಂತ್ರ್ಯಕ್ಕಿಂತ ಹಳೆಯದು. ೧೯೨೮ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸುವ ಕಾರ್ಖಾನೆ ತೆರೆಯಿತು. ಭಾಗಗಳು ಹಡಗಿನಲ್ಲಿ ಬರುತ್ತಿದ್ದವು. ಇಲ್ಲಿ ನಡೆಯುತ್ತಿದ್ದುದು ಜೋಡಣೆ ಮಾತ್ರ. ಭಾರತದಲ್ಲಿಯೇ ಸಂಪೂರ್ಣವಾಗಿ ಕಾರು ತಯಾರಾಗಬೇಕೆಂದು ಹಂಬಲಿಸಿ ಯೋಜನೆಯನ್ನು ಸಿದ್ಧಪಡಿಸಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ೧೯೩೫ರಲ್ಲಿ ಅವರು ಯೂರೋಪು ಅಮೆರಿಕಗಳನ್ನು ಸುತ್ತಿ ಅಲ್ಲಿಯ ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. ಆ ಕನಸನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದರು. ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿಯೇ ಕಾರ್ಖಾನೆ ಸ್ಥಾಪಿಸುವ ಮಾತೂ ನಡೆದಿತ್ತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಮಾತ್ರ ದೊರೆಯಲಿಲ್ಲ. ವಿಧಿಯ ವಿನೋದವೆಂದರೆ, ಅದೇ ವಾಲ್‌ಚಂದರು ೧೯೪೦ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದೊಡನೆ ಸೇರಿ ಇದೇ ಊರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಕಾರು ಬೇಡವೆಂದ ಊರಿಗೆ ವಿಮಾನ ಬಂದಿತು! ಅವರ ಮೋಟಾರು ಸಂಸ್ಥೆಯಾದ ಪ್ರೀಮಿಯರ್ ಆಟೊಮೊಬೈಲ್ಸ್ ೧೯೪೪ರಲ್ಲಿ ಮುಂಬಯಿಯ ಪಾಲಾಯಿತು.

ಸ್ವಾತಂತ್ರ್ಯಾನಂತರ ಗಾಳಿ ತಿರುಗಿತು. ಬರಿಯ ಜೋಡಣೆ ಮಾಡುವವರಿಗೆ ಇಲ್ಲಿ ಸ್ಥಾನವಿಲ್ಲ, ಭಾಗಗಳನ್ನೂ ಇಲ್ಲಿಯೇ ತಯಾರಿಸಬೇಕು ಎಂಬ ನೀತಿ ೧೯೫೩ರಲ್ಲಿ ರೂಪುಗೊಂಡಿತು. ವಿದೇಶೀ ಜೋಡಣೆಗಾರರು ಗಂಟುಮೂಟೆ ಕಟ್ಟಿದರು. ಕಣದಲ್ಲಿ ಮುಖ್ಯವಾಗಿ ಉಳಿದವು ಮೂರು ಕಾರುಗಳು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ೧೯೫೭ರಿಂದ ಬಂಗಾಳದ ಉತ್ತರಪಾರದಲ್ಲಿ ತಯಾರಾದ ಅಂಬಾಸಡರ್. ಮುಂಬಯಿಯಲ್ಲಿ ತಯಾರಾಗಿ ಮುಂದೆ ಪದ್ಮಿನಿಯೆಂಬ ಹೆಸರು ಪಡೆದ ಫಿಯಟ್. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹುಟ್ಟಿನಿಂದ ಮೂರೂ ಪರದೇಶಿಗಳೇ. ಬೆಳೆದದ್ದು ಮಾತ್ರ ಇಲ್ಲಿ.

ಹೊರಗಿನಿಂದ ಕಾರು ತರಿಸುವುದು ಬಲು ದುಸ್ತರವಾಗಿದ್ದ ಆ ವರ್ಷಗಳಲ್ಲಿ, ಹಿಂದೆಯೇ ಬಂದಿದ್ದ ಹಳೆಯ ಷೆವ್ರೊಲೆ, ಪ್ಲಿಮತ್, ಡಾಜ್, ಮಾರಿಸ್ ಮೈನರುಗಳು ಸಿರಿವಂತರ ಮನೆಯ ಮುಂದೆ ಆನೆಗಳಂತೆ ನಿಂತಿರುತ್ತಿದ್ದವು. ರಾಯಭಾರ ಕಚೇರಿಗಳವರು ಬಳಸಿ ಬಿಟ್ಟ ಕಾರುಗಳನ್ನು ಸರ್ಕಾರದ ವ್ಯಾಪಾರ ನಿಗಮ ಹರಾಜು ಹಾಕಿದಾಗ ಕೊಳ್ಳುವವರ ನೂಕುನುಗ್ಗಲು. ಇನ್ನು ಸ್ವದೇಶಿ ಕಾರು ಬೇಕೆಂದವರು ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಮಗಳ ಮದುವೆಗೆಂದು ಹೆಸರು ಬರೆಸಿದ ಕಾರು ಮೊಮ್ಮಗನ ನಾಮಕರಣಕ್ಕೆ ಬಂದೀತು ಎಂದು ಜನ ನಗುತ್ತಿದ್ದರು.

ಕಾದು ಪಡೆದ ಕಾರಿನ ಬಗ್ಗೆ ದೂರುಗಳಿಗೇನೂ ಕೊರತೆ ಇರಲಿಲ್ಲ. ಮಳೆ ಬಂದರೆ ಬಾಗಿಲ ಸಂದಿಯಿಂದ ನೀರು ಒಳಗೆ. ಹೊಸ ಬಣ್ಣದಡಿಯಲ್ಲಿ ಬೇಗನೆ ತುಕ್ಕು. ಹಾರ್ನ್ ಒಂದನ್ನುಳಿದು ಮಿಕ್ಕೆಲ್ಲ ಭಾಗಗಳೂ ಸದ್ದು ಮಾಡುತ್ತವೆ ಎಂಬ ಹಾಸ್ಯ ಊರೂರಲ್ಲಿ ಪ್ರಸಿದ್ಧ. ಸೀಮೆಯ ಕಾರಿನ ಬಾಗಿಲಾದರೋ ಮುಚ್ಚಿದರೆ ತಿಜೋರಿಯಂತೆ ಕೂರುತ್ತಿತ್ತು. ಅದರ ಕ್ರೋಮಿಯಂ ಲೇಪ ಇಪ್ಪತ್ತು ಮಳೆಗಾಲ ಕಳೆದರೂ ಮಾಸುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇಷ್ಟು ಮನಃಪೂರ್ವಕವಾಗಿ ನಂಬಿದವರು ಕಾರಿನ ಮಾಲೀಕರಂತೆ ಇನ್ನೊಬ್ಬರಿರಲಾರರು.

ಅಂಗಡಿಯ ಕಟ್ಟೆಯ ಮೇಲೆ ನಡೆಯುತ್ತಿದ್ದ ಆ ಕಾಲದ ಸಂಭಾಷಣೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

“ನಿಮ್ಮ ಅಂಬಾಸಡರು ತಿಂಗಳಿಗೊಮ್ಮೆ ಷೆಡ್ಡಿಗೆ ಹೋಗುತ್ತದಲ್ಲ ರಾಯರೇ, ನನ್ನ ಪ್ಲಿಮತ್ತು ಹತ್ತು ವರ್ಷದಲ್ಲಿ ಕೆಟ್ಟದ್ದು ಒಂದೇ ಸಲ” ಎಂದು ಒಬ್ಬರು.

“ನಿಜ ಸ್ವಾಮಿ, ಒಂದೇ ಸಲ. ಆ ಒಂದು ಸಲ ಎಷ್ಟು ತಿಂಗಳು ನಿಂತಿತ್ತು, ಅದನ್ನೂ ಹೇಳಿ” ಎಂದು ಇನ್ನೊಬ್ಬರು.

ವಾದದ ತಿರುಳೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ. ಕೆಡದಿರುವುದು ಒಂದು ಗುಣ. ಕೆಟ್ಟ ಮೇಲೆ ಎದ್ದು ನಿಲ್ಲುವುದು ಇನ್ನೊಂದು. ಸೀಮೆಯ ಕಾರು ಮೊದಲನೆಯದರಲ್ಲಿ ಮೇಲು, ಸ್ವದೇಶಿಯದು ಎರಡನೆಯದರಲ್ಲಿ. ಇವೆರಡರಲ್ಲಿ ಯಾವುದು ದೊಡ್ಡದೆಂಬುದನ್ನು ನಿರ್ಣಯಿಸುತ್ತಿದ್ದುದು ರಸ್ತೆ.

ಧರ್ಮಸ್ಥಳದ ಯಾತ್ರೆಗೆ ಹೊರಟ ಕುಟುಂಬವೊಂದು ಚಾರ್ಮಾಡಿ ಘಾಟಿಯಲ್ಲಿ ಕತ್ತಲಾಗುವ ಹೊತ್ತಿಗೆ ನಿಂತುಹೋಯಿತೆಂದು ಭಾವಿಸಿ. ಹಿಂದಿನ ಸೀಟಿನಲ್ಲಿ ಅಜ್ಜಿ, ಮಡಿಲಲ್ಲಿ ಕೂಸು, ಹೊರಗೆ ಮಲೆನಾಡಿನ ಮಳೆ. ಏರಿನಲ್ಲಿ ಬಿಸಿಯಾದ ಅಂಬಾಸಡರಿನ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ತಣಿಸಿದರೆ ಗಾಡಿ ಮತ್ತೆ ಹೊರಡುವುದುಂಟು. ಬ್ಯಾಟರಿ ಸೋತರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬಹುದು. ಫ್ಯಾನ್ ಬೆಲ್ಟ್ ಹರಿದರೂ ಕೆಳಗಿನ ಊರಿನಲ್ಲಿ ಇನ್ನೊಂದು ಸಿಕ್ಕುವ ಸಂಭವವುಂಟು. ಏಕೆಂದರೆ ಆ ಊರಿನ ಟ್ಯಾಕ್ಸಿಯೂ ಅಂಬಾಸಡರೇ, ವೈದ್ಯರ ಕಾರೂ ಅದೇ. ಅದೇ ಜಾಗದಲ್ಲಿ ಸೀಮೆಯ ದೊಡ್ಡ ಕಾರಿನ ಒಂದು ಸಣ್ಣ ಸೀಲು ಹೋದರೆ, ಅದು ಮುಂಬಯಿಯಿಂದ ಬರಬೇಕು, ಇಲ್ಲವೆ ಎಂದೂ ಬರಬಾರದು. ಆಗ ಉತ್ತಮ ಉಕ್ಕಿನ ಆ ಆನೆಯನ್ನು ಲಾರಿಗೆ ಕಟ್ಟಿ ಎಳೆಸಬೇಕಾಗುತ್ತಿತ್ತು. ಆ ರಾತ್ರಿ ಅಜ್ಜಿಗೆ ಬೇಕಾದದ್ದು ಉಕ್ಕಿನ ಗುಣಮಟ್ಟವಲ್ಲ, ಬೆಳಗಾಗುವುದರೊಳಗೆ ಊರು ಸೇರುವುದು.

ಹಾಗೆಂದು ಜೆ. ಸಿ. ರಸ್ತೆಯೂ ಅದರ ಆಸುಪಾಸಿನ ಗ್ಯಾರೇಜುಗಳೂ ಸೀಮೆಯ ಕಾರುಗಳನ್ನು ಕೈಬಿಟ್ಟವೆಂದು ತಿಳಿಯಬಾರದು. ಇಲ್ಲದ ಭಾಗವನ್ನು ಉಂಟುಮಾಡುವ ವಿದ್ಯೆ ಬೆಳೆದದ್ದೇ ಅವುಗಳಿಂದ. ಮುರಿದ ತುಂಡನ್ನು ಲೇತಿಗೆ ಕೊಟ್ಟು ಅದೇ ಅಳತೆಯ ಹೊಸದನ್ನು ಕಡೆಯಿಸುವುದು, ಹಾಳೆಯನ್ನು ಕತ್ತರಿಸಿ ಗ್ಯಾಸ್ಕೆಟ್ ಮಾಡುವುದು, ಲಾರಿಯ ಭಾಗವನ್ನು ಅರದಿಂದ ಉಜ್ಜಿ ಕಾರಿಗೆ ಕೂರಿಸುವುದು, ಇವೆಲ್ಲ ಪುಸ್ತಕದಲ್ಲಿ ಕಲಿತ ವಿದ್ಯೆಯಲ್ಲ. ಅಂಬಾಸಡರಿಗೆ ಇಂಚಿನ ಸ್ಪ್ಯಾನರು, ಫಿಯಟ್ಟಿಗೆ ಮಿಲಿಮೀಟರಿನದು. ನಟ್ಟನ್ನು ಬೆರಳಲ್ಲಿ ಹೊರಳಿಸಿಯೇ ಅದು ಯಾವ ದೇಶದ್ದೆಂದು ಹೇಳಬಲ್ಲ ಮೇಸ್ತ್ರಿಗಳಿದ್ದರು. ೧೯೭೩ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲು ತುಟ್ಟಿಯಾದಾಗ, ಎಷ್ಟೋ ಅಮೆರಿಕನ್ ಕಾರುಗಳ ಹೊಟ್ಟೆ ಸೀಳಿ ಡೀಸೆಲ್ ಎಂಜಿನ್ ಇಟ್ಟು ಹೊಲಿದರು. ಮೈ ಸೀಮೆಯದು, ಗುಂಡಿಗೆ ಇಲ್ಲಿಯದು. ಅಂಥ ಕಾರನ್ನು ಯಾವ ದೇಶದ್ದೆಂದು ಕರೆಯಬೇಕು?

ಈ ಪ್ರಶ್ನೆ ಮುಂದೆ ಎಲ್ಲ ಕಾರುಗಳಿಗೂ ಅನ್ವಯಿಸತೊಡಗಿತು. ೧೯೮೩ರ ಡಿಸೆಂಬರಿನಲ್ಲಿ ಜಪಾನಿನ ಸುಜುಕಿಯ ಸಹಯೋಗದಿಂದ ಮಾರುತಿ ೮೦೦ ಹೊರಬಂದಿತು. ಸ್ವದೇಶಿ ಹೆಸರು, ಜಪಾನೀ ಯಂತ್ರ. ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಹೊರಡುವ ಕಾರು ಮಧ್ಯಮ ವರ್ಗದವರಿಗೂ ಸಾಧ್ಯವೆಂಬುದು ಅಂದು ದೊಡ್ಡ ಸೋಜಿಗವಾಗಿತ್ತು. ೨೦೦೦ದಲ್ಲಿ ಬೆಂಗಳೂರಿನ ನೆರೆಯ ಬಿಡದಿಯಲ್ಲಿ ಟೊಯೋಟಾದ ಕ್ವಾಲಿಸ್ ತಯಾರಾಯಿತು. ೨೦೦೧ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬೀದಿಗಿಳಿಯಿತು. ವಿಶ್ವೇಶ್ವರಯ್ಯನವರ ಕನಸು ಅವರು ಊಹಿಸಿರದ ಬಾಗಿಲಿನಿಂದ ಮನೆಗೆ ಬಂದಂತಾಯಿತು. ೨೦೧೪ರ ಮೇ ತಿಂಗಳಲ್ಲಿ ಉತ್ತರಪಾರದ ಕಾರ್ಖಾನೆ ಕೆಲಸ ನಿಲ್ಲಿಸಿ, ಅಂಬಾಸಡರಿನ ಸಂತತಿ ಅಲ್ಲಿಗೆ ಮುಗಿಯಿತು. ಒಂದು ಕಾಲದಲ್ಲಿ ಘಾಟಿ ದಾಟಿ ಧರ್ಮಸ್ಥಳಕ್ಕೆ ಹೋಗುತ್ತಿದ್ದ ಕಾರುಗಳ ಓರಗೆಯವನ್ನು ಈಗ ಅಲ್ಲಿಯ ಸಂಗ್ರಹಾಲಯದಲ್ಲಿ ಮಕ್ಕಳು ಬೆರಗಿನಿಂದ ನೋಡುತ್ತಾರೆ.

ಇಂದಿನ ಕಾರುಗಳು, ಸೀಮೆಯದಾಗಲಿ ಇಲ್ಲಿಯದಾಗಲಿ, ಅಂದಿನವುಗಳಷ್ಟು ಕೆಡುವುದಿಲ್ಲ. ಇದು ನಿಜವಾದ ಲಾಭ. ಹಳೆಯದರ ಮೋಹದಲ್ಲಿ ಇದನ್ನು ಅಲ್ಲಗಳೆಯುವುದು ಸಲ್ಲದು. ಆದರೆ ಕೆಟ್ಟಾಗ ರೋಗ ಯಾವುದೆಂದು ಹೇಳಲು ಮೇಸ್ತ್ರಿಯ ಕಿವಿ ಸಾಲದು, ಗಣಕಯಂತ್ರವನ್ನು ತಗುಲಿಸಬೇಕು. ತುಂಡೊಂದು ಹೋದರೆ ಪೆಟ್ಟಿಗೆಯನ್ನೇ ಬದಲಾಯಿಸಬೇಕು. ಹಳೆಯ ವಾದದಲ್ಲಿ ಸ್ವದೇಶಿ ಕಾರಿನ ಪರವಾಗಿದ್ದ ದೊಡ್ಡ ಸಾಕ್ಷಿಯೇ, ಎಂದರೆ ದಾರಿಬದಿಯಲ್ಲಿ ರಿಪೇರಿಯಾಗುವ ಗುಣವೇ, ಈಗ ಎರಡು ಪಕ್ಷಗಳಲ್ಲೂ ಕ್ಷೀಣಿಸಿದೆ. ಅದರೊಡನೆ ಆ ಕೈಗಳ ಅನ್ನವೂ.

ಇದರ ಗುರುತು ಜೆ. ಸಿ. ರಸ್ತೆಯ ಮೇಲೂ ಬಿದ್ದಿದೆ. ದೀಪ, ಗವಸು, ಸಂಗೀತದ ಪೆಟ್ಟಿಗೆಗಳಂಥ ಅಲಂಕಾರದ ಸರಕೇ ಈಗ ಅಂಗಡಿಗಳ ಮುಂಭಾಗದಲ್ಲಿ ಮೆರೆಯುತ್ತದೆ. ಕಾರು ಓಡಲೆಂದು ಬರುತ್ತಿದ್ದವರ ಜಾಗದಲ್ಲಿ, ಓಡುವ ಕಾರನ್ನು ಸಿಂಗರಿಸಲು ಬರುವವರು ನಿಂತಿದ್ದಾರೆ.

ಆದರೂ ಹೊಸ ಕಾರು ಕೊಳ್ಳಹೊರಟ ಸಂಸಾರಸ್ಥರು ಈ ಬೀದಿಯ ಹಳೆಯ ತೀರ್ಪನ್ನು ನೆನಪಿನಲ್ಲಿಡುವುದು ಲೇಸು. ಕಾರು ಯಾವ ದೇಶದಲ್ಲಿ ಹುಟ್ಟಿತೆಂಬುದನ್ನು ಆಮೇಲೆ ವಿಚಾರಿಸಬಹುದು. ಅದರ ಭಾಗ ಎಲ್ಲಿ ಸಿಕ್ಕುತ್ತದೆ, ಎಷ್ಟು ದಿನಕ್ಕೆ, ಎಷ್ಟು ಬೆಲೆಗೆ, ಅದನ್ನು ಕೂರಿಸಬಲ್ಲವರು ಊರಿನಿಂದ ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ಮೊದಲು ಕೇಳಬೇಕು. ಹಿಂದಿನ ಸೀಟಿನಲ್ಲಿ ಕೂರುವ ಅಜ್ಜಿಯ ಪರವಾಗಿ ಕೇಳಬೇಕಾದ ಪ್ರಶ್ನೆಗಳು ಇವೇ.